ಸುಣ್ಣಕಲ್ಲಿನ ನಾಡಿನಲ್ಲಿ ಹವಳದ ಸಾಕಣೆ: ಒಂದು ಚಿಕ್ಕ ಪ್ರಯೋಗಶಾಲೆಯ ವಿಚಾರ

ಕಾಗಿಣಾ ನದಿಯ ದಂಡೆಯ ಮಳಖೇಡವು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿತ್ತೆಂಬುದು ಇತಿಹಾಸದ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ಸಂಗತಿ. ಭೂವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಪ್ರದೇಶವು ಬೇರೊಂದು ಕಾರಣದಿಂದ ಪರಿಚಿತ. ಮಳಖೇಡ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಇವುಗಳ ಸುತ್ತಲಿನ ನೆಲದಡಿಯಲ್ಲಿ ಭೀಮಾ ಶಿಲಾಸಮೂಹಕ್ಕೆ ಸೇರಿದ ಸುಣ್ಣಕಲ್ಲಿನ ಪದರಗಳು ವಿಸ್ತಾರವಾಗಿ ಹರಡಿವೆ. ಮನೆಯ ನೆಲಕ್ಕೆ ಹಾಸುವ ಶಹಾಬಾದ ಪರಸಿಯೂ, ಸಿಮೆಂಟಿನ ಕಾರ್ಖಾನೆಗಳು ಅರೆದು ಸುಡುವ ಕಲ್ಲೂ ಈ ಪದರಗಳಿಂದಲೇ ಬಂದವು.

ಸುಣ್ಣಕಲ್ಲೆಂದೊಡನೆ ಅದು ಪುರಾತನ ಸಮುದ್ರವೊಂದರ ಶಂಖ, ಚಿಪ್ಪು, ಹವಳಗಳ ಅವಶೇಷವೆಂದು ವಿದ್ಯಾರ್ಥಿಗಳು ಭಾವಿಸುವುದು ವಾಡಿಕೆ. ನಮ್ಮ ಕಲ್ಲಿನ ವಿಷಯದಲ್ಲಿ ಇದು ಅರ್ಧ ಮಾತ್ರ ಸತ್ಯ. ಸಮುದ್ರವಿದ್ದುದು ನಿಜ, ಹವಳವಿದ್ದುದು ನಿಜವಲ್ಲ. ಭೀಮಾ ಸುಣ್ಣಕಲ್ಲು ಕೇಂಬ್ರಿಯನ್ ಯುಗಕ್ಕಿಂತ, ಎಂದರೆ 54 ಕೋಟಿ ವರ್ಷಗಳಿಗಿಂತ, ಹಿಂದಿನದು. ಇಂದು ದಿಬ್ಬಗಳನ್ನು ಕಟ್ಟುತ್ತಿರುವ ಕಲ್ಲುಹವಳಗಳ ವರ್ಗವು ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು 24 ಕೋಟಿ ವರ್ಷಗಳಷ್ಟೇ ಆಗಿವೆ. ಪ್ರಾಣಿಗಳ ನೆರವಿಲ್ಲದೆ, ಆಳವಲ್ಲದ ಕಡಲಿನ ನೀರಿನಿಂದ ಇಳಿದ ಸುಣ್ಣ ಇದು. ಇಂಥ ನಾಡಿನಲ್ಲಿ, ಕಡಲಿನಿಂದ ನೂರಾರು ಕಿಲೋಮೀಟರು ಒಳಗೆ, ಸುಣ್ಣವನ್ನು ದೇಹದಿಂದ ಕಟ್ಟುವ ಪ್ರಾಣಿಯನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಾಕಿ ಬೆಳೆಸಬಹುದೇ? ಬೆಳೆಸಬಹುದಾದರೆ ಅದಕ್ಕೆ ಬೇಕಾದ ಏರ್ಪಾಡು ಯಾವುದು? ಬೆಳೆಸುವುದು ಉಚಿತವೇ? ಈ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಿಸುತ್ತೇವೆ.

ಪ್ರಾಣಿಯ ಸ್ವರೂಪ

ಉಂಗುರದಲ್ಲಿ ಕೂರಿಸುವ ಕೆಂಪು ಹವಳವು ಬೇರೊಂದು ಗುಂಪಿಗೆ ಸೇರಿದ್ದು. ಅದು ಇಲ್ಲಿಯ ವಿಷಯವಲ್ಲ. ನಾವು ಹೇಳುತ್ತಿರುವುದು ಉಷ್ಣವಲಯದ ಕಡಲುಗಳಲ್ಲಿ ದಿಬ್ಬ ಕಟ್ಟುವ ಕಲ್ಲುಹವಳವನ್ನು. ಇದರ ಘಟಕಜೀವಿಯಾದ ಪಾಲಿಪ್ ಒಂದು ಚಿಕ್ಕ ಚೀಲದಂತಿದ್ದು, ಬಾಯಿಯ ಸುತ್ತ ಕರಬಳ್ಳಿಗಳ ವಲಯವನ್ನು ಹೊಂದಿದೆ. ಅದರ ಅಂಗಾಂಶದೊಳಗೆ ಏಕಕೋಶದ ಪಾಚಿಗಳು ವಾಸಿಸುತ್ತವೆ. ಬೆಳಕಿನಲ್ಲಿ ಪಾಚಿಯು ಸಿದ್ಧಪಡಿಸುವ ಆಹಾರದ ದೊಡ್ಡ ಪಾಲು ಹವಳಕ್ಕೆ ಸಲ್ಲುತ್ತದೆ. ಹವಳದ ತ್ಯಾಜ್ಯವು ಪಾಚಿಗೆ ಗೊಬ್ಬರವಾಗುತ್ತದೆ. ಪಾಲಿಪ್ ತನ್ನ ತಳದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟನ್ನು ಅರಗೊನೈಟ್ ಎಂಬ ಹರಳಿನ ರೂಪದಲ್ಲಿ ಇಳಿಸುತ್ತ ಹೋಗುತ್ತದೆ.

ಈ ಸಹವಾಸವು ಅತಿ ಸೂಕ್ಷ್ಮವಾದುದು. ಆ ಸ್ಥಳದ ಬೇಸಗೆಯ ಗರಿಷ್ಠ ಉಷ್ಣತೆಗಿಂತ ನೀರು ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಹವಳವು ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ನೀರು ಬೇಗ ತಣಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 1998, 2010 ಮತ್ತು 2016ರಲ್ಲಿ ಭಾರತದ ಹವಳದ ದಿಬ್ಬಗಳು ಈ ವಿಪತ್ತಿಗೆ ಗುರಿಯಾದವು. 2024ರ ಏಪ್ರಿಲಿನಲ್ಲಿ ಜಗತ್ತಿನ ನಾಲ್ಕನೆಯ ವ್ಯಾಪಕ ಬಿಳಿಚುವಿಕೆಯನ್ನು ವಿಜ್ಞಾನಿಗಳು ಪ್ರಕಟಿಸಿದರು. ಆದುದರಿಂದ ಹವಳವನ್ನು ಕಡಲಿನ ಹೊರಗೆ ಜೀವಂತವಾಗಿ ಇಡುವ ವಿದ್ಯೆಯು ಈಗ ವಿನೋದದ ವಿಷಯವಾಗಿ ಉಳಿದಿಲ್ಲ. ಲಂಡನ್ನಿನ ಹಾರ್ನಿಮನ್ ಸಂಗ್ರಹಾಲಯದವರು ಋತುಮಾನದ ಉಷ್ಣತೆಯನ್ನೂ ಚಂದ್ರನ ಬೆಳಕನ್ನೂ ತೊಟ್ಟಿಯಲ್ಲಿ ಅನುಕರಿಸಿ ಹವಳಗಳು ಮೊಟ್ಟೆಯಿಡುವಂತೆ ಮಾಡಿದ್ದಾರೆ. 2019ರಲ್ಲಿ ಫ್ಲಾರಿಡಾ ಮತ್ಸ್ಯಾಲಯದವರು ಅಟ್ಲಾಂಟಿಕಿನ ಕಂಬಹವಳದಲ್ಲಿ ಅದೇ ಕಾರ್ಯವನ್ನು ಸಾಧಿಸಿದರು.

ಶಾಸನದ ಮರ್ಯಾದೆ

ಕರ್ನಾಟಕಕ್ಕೆ ಸೇರಿದ ಹವಳವನ್ನು ನೋಡಬೇಕಾದರೆ ಉತ್ತರ ಕನ್ನಡದ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಅಲ್ಲಿಂದ ಒಂದು ತುಂಡನ್ನು ಮುರಿದು ತಂದು ಗಾಜಿನ ತೊಟ್ಟಿಯಲ್ಲಿ ಇಡೋಣವೆಂಬ ಆಲೋಚನೆ ಯಾರಿಗಾದರೂ ಬಂದರೆ, ಅದನ್ನು ಅಲ್ಲಿಯೇ ಬಿಡತಕ್ಕದ್ದು. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಅನುಸೂಚಿಗೆ 2001ರಲ್ಲಿ ಎಲ್ಲ ಕಲ್ಲುಹವಳಗಳನ್ನೂ ಕಪ್ಪುಹವಳಗಳನ್ನೂ, ಬೆಂಕಿಹವಳ, ಕೊಳಲುಹವಳ ಮತ್ತು ಕಡಲಬೀಸಣಿಗೆಗಳನ್ನೂ ಸೇರಿಸಲಾಯಿತು. ಹುಲಿ, ಆನೆಗಳಿಗೆ ದೊರೆಯುವ ರಕ್ಷಣೆಯೇ ಇವುಗಳಿಗೂ ದೊರೆತಿದೆ. ಶಿಕ್ಷಣ ಮತ್ತು ಸಂಶೋಧನೆಯ ಉದ್ದೇಶಕ್ಕೆ ಪರವಾನಗಿಯನ್ನು ಕೊಡಲು ಶಾಸನದಲ್ಲಿ ಅವಕಾಶವಿದೆ. ಆದರೆ ಮೊದಲನೆಯ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಕೇಂದ್ರ ಸರ್ಕಾರದ ಪೂರ್ವಾನುಮತಿ ಅವಶ್ಯಕ. ಪೇಟೆಯಲ್ಲಿ ಹಣ ಕೊಟ್ಟು ಕೊಂಡ ಮಾತ್ರಕ್ಕೆ ಸ್ವಾಧೀನವು ನ್ಯಾಯಬದ್ಧವಾಗುವುದಿಲ್ಲ.

ಈ ಕಟ್ಟುಪಾಡಿಗೆ ಹಿನ್ನೆಲೆಯೊಂದಿದೆ. ತಮಿಳುನಾಡಿನ ಮನ್ನಾರ್ ಖಾರಿಯಲ್ಲಿ ಹವಳದ ದಿಬ್ಬಗಳನ್ನು ದಶಕಗಳ ಕಾಲ ಒಡೆದು, ಸುಣ್ಣದ ಭಟ್ಟಿಗಳಿಗೂ ಸಿಮೆಂಟಿನ ತಯಾರಿಕೆಗೂ ಸಾಗಿಸಲಾಗುತ್ತಿತ್ತು. ಅಲ್ಲಿಯ 21 ದ್ವೀಪಗಳಲ್ಲಿ ಎರಡು ಕಡಲಿನಲ್ಲಿ ಮುಳುಗಿಹೋಗಲು ಈ ಗಣಿಗಾರಿಕೆಯು ಮುಖ್ಯ ಕಾರಣವೆಂದು ಎಣಿಸಲಾಗಿದೆ. ಮಳಖೇಡದಲ್ಲಿ ನೆಲವನ್ನು ಅಗೆದು ಪಡೆಯುವ ವಸ್ತುವನ್ನು ಅಲ್ಲಿ ಜೀವಂತ ದಿಬ್ಬವನ್ನು ಒಡೆದು ಪಡೆದರು. ಎರಡೂ ರಸಾಯನಶಾಸ್ತ್ರದ ದೃಷ್ಟಿಗೆ ಒಂದೇ ಕ್ಯಾಲ್ಸಿಯಂ ಕಾರ್ಬೊನೇಟು. ಜೀವಶಾಸ್ತ್ರದ ದೃಷ್ಟಿಗೆ ಅವುಗಳ ನಡುವಣ ಅಂತರ ಅಪಾರ.

ಕಟ್ಟಡ ಮತ್ತು ತೊಟ್ಟಿಗಳು

ಇನ್ನು ಏರ್ಪಾಡಿನ ವಿಷಯ. ಹೊಸದಾಗಿ ಬಂದ ಜೀವಿಯನ್ನು ಇರಿಸಿ ನೋಡಿಕೊಳ್ಳುವುದು ಮತ್ತು ನೆಲೆಗೊಂಡ ಜೀವಿಯನ್ನು ಬೆಳೆಸುವುದು ಎರಡು ಬೇರೆ ಕೆಲಸಗಳು. ಇವುಗಳ ನೀರು ಎಂದೂ ಒಂದಾಗಬಾರದು. ಹೊಸ ಜೀವಿಯೊಡನೆ ಚಪ್ಪಟೆಹುಳು, ಬಸವನಹುಳು ಮೊದಲಾದ ಶತ್ರುಗಳು ಬರುವುದರಿಂದ, ಅದನ್ನು ಕೆಲವು ವಾರ 100 ಲೀಟರಿನ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ದಿನವೂ ಪರೀಕ್ಷಿಸಬೇಕು. ಬೆಳೆಸುವ ವ್ಯವಸ್ಥೆಗೆ ಒಟ್ಟು 1000 ಲೀಟರು ನೀರು ಸಾಕು: ಆಳವಲ್ಲದ, ಅಗಲವಾದ ಎರಡು ತೊಟ್ಟಿಗಳು, ಅವುಗಳ ಕೆಳಗೆ ಎರಡಕ್ಕೂ ಸಮಾನವಾದ ಒಂದು ಸಂಗ್ರಹದ ತೊಟ್ಟಿ. ನೀರು ಮೇಲಿನಿಂದ ಕೆಳಕ್ಕೆ ತಾನಾಗಿ ಇಳಿದು, ಪಂಪಿನಿಂದ ಮರಳಿ ಮೇಲೇರುತ್ತದೆ. ಕೊಳೆಯುವ ಸಾವಯವ ವಸ್ತುವನ್ನು ಸಣ್ಣ ಗಾಳಿಗುಳ್ಳೆಗಳ ನೊರೆಯೊಡನೆ ಬೇರ್ಪಡಿಸುವ ಸಾಧನವು ಕೆಳಗಿನ ತೊಟ್ಟಿಯಲ್ಲಿರುತ್ತದೆ.

ತೊಟ್ಟಿ ದೊಡ್ಡದಾದಷ್ಟೂ ನೀರಿನ ಸ್ಥಿತಿ ನಿಧಾನವಾಗಿ ಬದಲಾಗುತ್ತದೆ. ತಪ್ಪು ನಡೆದಾಗ ತಿದ್ದಲು ಕಾಲ ದೊರೆಯುತ್ತದೆ. 1000 ಲೀಟರಿನ ನೀರು ಒಂದು ಟನ್ನಿನಷ್ಟು ತೂಗುವುದರಿಂದ ಕೋಣೆಯು ನೆಲಮಹಡಿಯಲ್ಲಿರುವುದು ಲೇಸು. ಪಶ್ಚಿಮದ ಬಿಸಿಲು ಬೀಳದ ಕೋಣೆಯನ್ನು ಆರಿಸಬೇಕು. ಕ್ವಾರಿ ಅಥವಾ ಕಾರ್ಖಾನೆ ಸಮೀಪವಿದ್ದರೆ ಕ್ಷಾರಗುಣದ ಧೂಳು ನೀರಿಗೆ ಬೀಳದಂತೆ, ಒಳಬರುವ ಗಾಳಿಯನ್ನು ಬಟ್ಟೆಯ ಸೋಸುಕದಿಂದ ಹಾಯಿಸಬೇಕು. ತಾಮ್ರದ ಅಥವಾ ಹಿತ್ತಾಳೆಯ ಭಾಗವೊಂದೂ ನೀರನ್ನು ಮುಟ್ಟಕೂಡದು. ತಾಮ್ರವು ಈ ವರ್ಗದ ಜೀವಿಗಳಿಗೆ ವಿಷ.

ನೀರು

ಸುಣ್ಣಕಲ್ಲಿನ ನಾಡಿನ ಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ ಹೇರಳವಾಗಿರುವುದರಿಂದ ಅದು ಹವಳಕ್ಕೆ ಹಿತವೆಂದು ತೋರಬಹುದು. ಇದು ಭ್ರಮೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಮ್ಮಿನ ಜೊತೆಗೆ ನೈಟ್ರೇಟು, ಸಿಲಿಕ ಮುಂತಾದವೂ ಅಳತೆಯಿಲ್ಲದೆ ಬರುತ್ತವೆ. ಅಳತೆ ತಿಳಿಯದ ಯಾವುದನ್ನೂ ತೊಟ್ಟಿಗೆ ಸೇರಿಸಬಾರದೆಂಬುದು ಇಲ್ಲಿಯ ಮೊದಲ ನಿಯಮ. ಬಾವಿಯ ಅಥವಾ ನಲ್ಲಿಯ ನೀರನ್ನು ಪೊರೆಯ ಮೂಲಕ ಒತ್ತಡದಿಂದ ಹಾಯಿಸಿ ಲವಣಗಳನ್ನು ತೆಗೆದು, ಆ ಶುದ್ಧ ನೀರಿಗೆ ಸಮುದ್ರಲವಣದ ಮಿಶ್ರಣವನ್ನು ಕೂಡಿಸಬೇಕು. ಸಾವಿರ ಲೀಟರಿಗೆ ಲವಣವು 35 ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಅಡುಗೆಯ ಉಪ್ಪು ಇದಕ್ಕೆ ಸಲ್ಲದು.

ಸಿದ್ಧವಾದ ನೀರಿನಲ್ಲಿ ಇರಬೇಕಾದ ಪ್ರಮಾಣಗಳು ಹೀಗಿವೆ: ಲವಣಾಂಶ ಸಾವಿರಕ್ಕೆ 35, ಉಷ್ಣತೆ 25ರಿಂದ 27 ಡಿಗ್ರಿ ಸೆಂಟಿಗ್ರೇಡ್, ಪಿಎಚ್ 8.1ರಿಂದ 8.3, ಲೀಟರಿಗೆ ಕ್ಯಾಲ್ಸಿಯಂ ಸುಮಾರು 420 ಮಿಲಿಗ್ರಾಂ, ಮೆಗ್ನೀಸಿಯಂ ಸುಮಾರು 1290 ಮಿಲಿಗ್ರಾಂ, ಕ್ಷಾರೀಯತೆ ಲೀಟರಿಗೆ 2.3 ಮಿಲಿಈಕ್ವಿವೆಲೆಂಟ್ ಅಥವಾ ಅದಕ್ಕಿಂತ ತುಸು ಹೆಚ್ಚು. ನೀರು ಸಿದ್ಧವಾದೊಡನೆ ಜೀವಿಗಳನ್ನು ಬಿಡಲಾಗದು. ಅಮೋನಿಯವನ್ನು ನೈಟ್ರೈಟಾಗಿಯೂ ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆ ವಾರಗಳ ನಿತ್ಯದ ಪರೀಕ್ಷೆಯೇ ವಿದ್ಯಾರ್ಥಿಗಳಿಗೆ ಒಂದು ಒಳ್ಳೆಯ ಪಾಠ.

ಬೆಳಕಿಗೆ ಬಿಳಿ ಮತ್ತು ನೀಲಿಯ ಎಲ್‌ಇಡಿ ದೀಪಗಳು ತಕ್ಕವು. ದಿನಕ್ಕೆ ಹತ್ತರಿಂದ ಹನ್ನೆರಡು ಗಂಟೆ ಬೆಳಗಿಸಬೇಕು. ಹೊಸ ಜೀವಿಯನ್ನು ಮೊದಲು ಮಬ್ಬು ಬೆಳಕಿನಲ್ಲಿಟ್ಟು ಕ್ರಮೇಣ ಹೆಚ್ಚಿಸಬೇಕು. ಒಮ್ಮೆಲೇ ಪ್ರಖರ ಬೆಳಕು ಬಿದ್ದರೂ ಬಿಳಿಚುವಿಕೆ ಉಂಟಾಗುತ್ತದೆ.

ಬೇಸಗೆಯ ಪ್ರಶ್ನೆ

ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಹಗಲಿನ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. 27 ಡಿಗ್ರಿಯನ್ನು ಮೀರಬಾರದ ನೀರನ್ನು ಇಲ್ಲಿ ಕಾಪಾಡುವುದು ಹೇಗೆ? ತಣಿಸುವ ಯಂತ್ರವು ಒಂದು ಉಪಾಯ. ಅದಕ್ಕೆ ವೆಚ್ಚ ಹೆಚ್ಚು, ವಿದ್ಯುತ್ತೂ ಹೆಚ್ಚು. ಆದರೆ ನಮ್ಮ ಬೇಸಗೆಯ ಗಾಳಿ ಒಣಗಿದ ಗಾಳಿ. ಮಣ್ಣಿನ ಹೂಜಿಯ ನೀರು ತಂಪಾಗುವ ತತ್ತ್ವವೇ ತೊಟ್ಟಿಗೂ ಅನ್ವಯಿಸುತ್ತದೆ.

ಲೆಕ್ಕವನ್ನು ನೋಡೋಣ. ಒಂದು ಲೀಟರು ನೀರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. 1000 ಲೀಟರಿನಿಂದ 10 ಲೀಟರು ಆವಿಯಾದರೆ ಹೋಗುವ ಶಾಖ 5,800 ಕಿಲೋಕ್ಯಾಲೊರಿ. ಹೊರಗಿನಿಂದ ಶಾಖವು ಸೇರದಿದ್ದಲ್ಲಿ ಉಳಿದ ನೀರು ಐದೂವರೆ ಡಿಗ್ರಿಗಿಂತ ಹೆಚ್ಚು ತಣಿಯುವಷ್ಟು ಇದು. ದೀಪ, ಪಂಪು, ಕೋಣೆಯ ಗಾಳಿ ಇವು ಶಾಖವನ್ನು ತುಂಬುತ್ತಿರುವುದರಿಂದ ಅಷ್ಟೂ ತಂಪು ನಿಲ್ಲದು. ಆದರೂ ಗಾಳಿಯ ಉಷ್ಣತೆ 40 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ 20 ಇದ್ದಾಗ ಒದ್ದೆಬುರುಡೆಯ ಉಷ್ಣತಾಮಾಪಕವು ಸುಮಾರು 23 ಡಿಗ್ರಿಯನ್ನು ತೋರಿಸುತ್ತದೆಂಬುದನ್ನು ನೆನೆದರೆ, ನೀರಿನ ಮೇಲ್ಮೈಗೆ ಫ್ಯಾನಿನ ಗಾಳಿಯನ್ನು ಬೀಸಿ ಗಣನೀಯ ಪ್ರಯೋಜನವನ್ನು ಪಡೆಯಬಹುದೆಂಬುದು ಸ್ಪಷ್ಟ. ಗಾಳಿಯೇ ತೇವದಿಂದ ತುಂಬಿರುವ ಕರಾವಳಿಯ ಕಾರವಾರಕ್ಕೆ ಈ ಅನುಕೂಲವಿಲ್ಲ. ಕೋಣೆಯಲ್ಲಿ ತೇವ ಕೂಡಿಕೊಂಡರೆ ಇಲ್ಲಿಯೂ ಅದು ಕೆಡುವುದರಿಂದ ಗಾಳಿ ಹೊರಹೋಗಲು ದಾರಿ ಇರಬೇಕು. ಡಿಸೆಂಬರಿನ ರಾತ್ರಿಗಳಲ್ಲಿ ಸಮಸ್ಯೆ ತಿರುಗಿ ನಿಲ್ಲುತ್ತದೆ. ಆಗ ಕಾಯಿಸುವ ಕಡ್ಡಿ ಬೇಕಾಗುತ್ತದೆ.

ಆವಿಯಾಗುವುದು ನೀರು ಮಾತ್ರ, ಲವಣವಲ್ಲ. 10 ಲೀಟರು ಹೋದರೆ ಲವಣಾಂಶವು 35ರಿಂದ 35.35ಕ್ಕೆ ಏರುತ್ತದೆ. ಹೋದಷ್ಟು ನೀರನ್ನು ಅಂದಂದೇ ತುಂಬಬೇಕು.

ಸುಣ್ಣದ ಲೆಕ್ಕ

ತೊಟ್ಟಿಯಲ್ಲಿ ಹವಳಗಳು ಚೆನ್ನಾಗಿ ಬೆಳೆದು, ದಿನಕ್ಕೆ ಲೀಟರಿಗೆ 10 ಮಿಲಿಗ್ರಾಂ ಕ್ಯಾಲ್ಸಿಯಮ್ಮನ್ನು ಬಳಸುತ್ತಿವೆ ಎಂದು ಇಟ್ಟುಕೊಳ್ಳೋಣ. ಸಾವಿರ ಲೀಟರಿನಲ್ಲಿ ಇದು 10 ಗ್ರಾಂ ಕ್ಯಾಲ್ಸಿಯಂ, ಎಂದರೆ 25 ಗ್ರಾಂ ಹೊಸ ಸುಣ್ಣಕಲ್ಲು. ಇದರೊಡನೆ ಕ್ಷಾರೀಯತೆಯು ದಿನಕ್ಕೆ 0.5 ಮಿಲಿಈಕ್ವಿವೆಲೆಂಟಿನಷ್ಟು ಕುಗ್ಗುತ್ತದೆ. ಈಗ ಎರಡು ಬೊಕ್ಕಸಗಳನ್ನು ಹೋಲಿಸಿ ನೋಡಬೇಕು. 420 ಮಿಲಿಗ್ರಾಂ ಕ್ಯಾಲ್ಸಿಯಂ ಈ ದರದಲ್ಲಿ 42 ದಿನಕ್ಕೆ ಸಾಲುತ್ತದೆ, 2.3ರ ಕ್ಷಾರೀಯತೆಯು ಐದು ದಿನಕ್ಕೂ ಸಾಲದು. ಹವಳಕ್ಕೆ ಕೊರತೆಯಾಗುವುದು ಕ್ಯಾಲ್ಸಿಯಂ ಎಂದು ಎಲ್ಲರೂ ಊಹಿಸುತ್ತಾರೆ. ಮೊದಲು ಬರಿದಾಗುವುದು ಕಾರ್ಬೊನೇಟಿನ ಭಾಗ. ಆದುದರಿಂದ ಕ್ಷಾರೀಯತೆಯನ್ನು ದಿನವೂ, ಕ್ಯಾಲ್ಸಿಯಮ್ಮನ್ನು ವಾರಕ್ಕೊಮ್ಮೆ ಅಳೆಯುವುದು ಕ್ರಮ.

ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಒಟ್ಟಿಗೆ ತುಂಬಿಕೊಡುವ ವಸ್ತು ಪ್ರತಿಯೊಂದು ಶಾಲೆಯಲ್ಲಿಯೂ ಇದೆ. ಊದಿದ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆಯೆಂದು ತೋರಿಸಲು ಬಳಸುವ ಸುಣ್ಣದ ತಿಳಿನೀರೇ ಅದು. ಸಂತೃಪ್ತ ತಿಳಿನೀರಿನಲ್ಲಿ ಲೀಟರಿಗೆ ಸುಮಾರು 1.6 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ತೊಟ್ಟಿಯಲ್ಲಿ ಅದು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿ ಬೈಕಾರ್ಬೊನೇಟಾಗುತ್ತದೆ. ಮೇಲಿನ 10 ಗ್ರಾಂ ಕ್ಯಾಲ್ಸಿಯಮ್ಮಿಗೆ 18.5 ಗ್ರಾಂ ಹೈಡ್ರಾಕ್ಸೈಡ್, ಎಂದರೆ ಸುಮಾರು 11.5 ಲೀಟರು ತಿಳಿನೀರು ಬೇಕು. ಬೇಸಗೆಯಲ್ಲಿ ಆವಿಯಾಗಿ ಹೋಗುವ ನೀರು ಹೆಚ್ಚುಕಡಮೆ ಇಷ್ಟೇ. ಹೀಗೆ, ಆವಿಯಾದ ನೀರಿನ ಜಾಗವನ್ನು ತಿಳಿನೀರಿನಿಂದ ತುಂಬಿದರೆ ತಂಪು, ಲವಣಾಂಶ, ಸುಣ್ಣ ಮೂರರ ಲೆಕ್ಕವೂ ಒಂದೇ ಕೆಲಸದಿಂದ ಸರಿಹೋಗುತ್ತದೆ. ಒಣನಾಡಿಗೆ ಇದು ವಿಶೇಷವಾಗಿ ಒಗ್ಗುವ ವಿಧಾನ. ಮಳೆಗಾಲದಲ್ಲಿ ಆವಿಯಾಗುವಿಕೆ ಕುಗ್ಗಿದಾಗ ಮಾತ್ರ ತಿಳಿನೀರಿಗೆ ಜಾಗ ಸಾಲದು; ಆಗ ಕ್ಯಾಲ್ಸಿಯಂ ಕ್ಲೋರೈಡು ಮತ್ತು ಸೋಡಿಯಂ ಬೈಕಾರ್ಬೊನೇಟುಗಳ ದ್ರಾವಣಗಳನ್ನು ಬೇರೆ ಬೇರೆಯಾಗಿ ಸೇರಿಸಬೇಕು.

ತಿಳಿನೀರಿನ ಪಿಎಚ್ ಸುಮಾರು 12.4. ಒಮ್ಮೆಲೇ ಸುರಿದರೆ ತೊಟ್ಟಿಯ ಸುಣ್ಣವೆಲ್ಲ ಹಾಲಿನಂತೆ ಬಿಳಿದಾಗಿ ತಳಕ್ಕಿಳಿಯುತ್ತದೆ, ಜೀವಿಗಳೂ ಸಾಯುತ್ತವೆ. ನೀರಿನ ಪಿಎಚ್ ಸಹಜವಾಗಿ ಇಳಿಯುವ ರಾತ್ರಿಯ ವೇಳೆ ಅದನ್ನು ಹನಿಹನಿಯಾಗಿ ಬಿಡಬೇಕು. ಸುಣ್ಣವು ಪ್ರಯೋಗಶಾಲೆಯ ಶುದ್ಧ ದರ್ಜೆಯದಾಗಿರಬೇಕು. ಊರಿನ ಕಲ್ಲನ್ನು ಸುಟ್ಟ ಸುಣ್ಣದಲ್ಲಿ ಸಿಲಿಕ ಮತ್ತು ಜೇಡಿಯ ಅಂಶ ಉಳಿದಿರುತ್ತದೆ. ಗೋಡೆಗೆ ಅದು ದೋಷವಲ್ಲ, ತೊಟ್ಟಿಗೆ ದೋಷ.

ಇಲ್ಲಿ ವಿದ್ಯಾರ್ಥಿಗಳಿಗೆ ಇನ್ನೊಂದು ಸಂಬಂಧವನ್ನು ತೋರಿಸಬೇಕು. 100 ಗ್ರಾಂ ಶುದ್ಧ ಸುಣ್ಣಕಲ್ಲನ್ನು ಸುಟ್ಟಾಗ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಸಿಮೆಂಟಿನ ಭಟ್ಟಿಗಳಿಂದಲೂ ಇಂಧನದ ದಹನದಿಂದಲೂ ವಾಯುಮಂಡಲಕ್ಕೆ ಸೇರುವ ಈ ಅನಿಲದ ಒಂದು ಪಾಲನ್ನು ಕಡಲು ಹೀರಿಕೊಳ್ಳುತ್ತದೆ. ಕೈಗಾರಿಕಾ ಯುಗಕ್ಕೆ ಮುಂಚಿನಿಂದ ಈಚೆಗೆ ಕಡಲಿನ ಮೇಲ್ಪದರದ ಪಿಎಚ್ ಸುಮಾರು 0.1ರಷ್ಟು ಇಳಿದಿದೆ; ಹವಳವು ಸುಣ್ಣವನ್ನು ಇಳಿಸುವುದು ಆ ಮಟ್ಟಿಗೆ ಕಷ್ಟವಾಗಿದೆ. ಸುಣ್ಣಕಲ್ಲಿನ ನಾಡಿಗೂ ದೂರದ ಹವಳದ ದಿಬ್ಬಕ್ಕೂ ಗಾಳಿಯ ಮೂಲಕ ನಂಟಿದೆ.

ಯಾವ ಜೀವಿಯಿಂದ ಪ್ರಾರಂಭಿಸುವುದು

ಇಷ್ಟೆಲ್ಲ ಸಿದ್ಧವಾದ ಮೇಲೂ ಮೊದಲ ನಿವಾಸಿಯಾಗಿ ಕಲ್ಲುಹವಳವನ್ನು ತರಬಾರದೆಂಬುದು ನಮ್ಮ ಅಭಿಪ್ರಾಯ. ಅದರ ಬದಲು ಐಪ್ಟೇಸಿಯ ಎಂಬ ಚಿಕ್ಕ ಕಡಲಹೂವನ್ನು ಸೂಚಿಸುತ್ತೇವೆ. ಹವ್ಯಾಸಿಗಳು ಇದನ್ನು ಕಳೆಯೆಂದು ಕಿತ್ತೆಸೆಯುತ್ತಾರೆ. ಆದರೆ ಹವಳದೊಳಗಿರುವ ಪಾಚಿಯ ಕುಟುಂಬವೇ ಇದರಲ್ಲಿಯೂ ವಾಸಿಸುವುದರಿಂದ ಜಗತ್ತಿನ ಅನೇಕ ಪ್ರಯೋಗಶಾಲೆಗಳು ಹವಳದ ಸಹಜೀವನವನ್ನು ಇದರ ಮೂಲಕವೇ ಅಭ್ಯಸಿಸುತ್ತವೆ; 2015ರಲ್ಲಿ ಇದರ ಸಂಪೂರ್ಣ ಜೀನೋಮ್ ಪ್ರಕಟವಾಯಿತು. ಪಾದದ ಅಂಚಿನಿಂದ ಹರಿದುಳಿದ ಸಣ್ಣ ಚೂರೂ ಪೂರ್ಣಜೀವಿಯಾಗಿ ಬೆಳೆಯುವುದರಿಂದ ಒಂದರಿಂದ ನೂರನ್ನು ಪಡೆಯಬಹುದು. ವಾರಕ್ಕೊಂದೆರಡು ಬಾರಿ ಆರ್ಟೀಮಿಯದ ಮರಿಗಳನ್ನು ಕೊಟ್ಟರೆ ಸಾಕು. ಪಾಚಿಯನ್ನು ಕಳೆದುಕೊಂಡರೂ ಆಹಾರ ಕೊಟ್ಟಲ್ಲಿ ಇದು ಬದುಕುತ್ತದೆ. ಮತ್ತೆ ಪಾಚಿಯನ್ನು ಸ್ವೀಕರಿಸುತ್ತದೆ. ಬಿಳಿಚುವಿಕೆ ಮತ್ತು ಚೇತರಿಕೆ ಎರಡನ್ನೂ ಗಾಜಿನ ಬಟ್ಟಲಿನಲ್ಲಿ ಕಣ್ಣಾರೆ ಕಾಣಬಹುದು. ಅನುಸೂಚಿಯಲ್ಲಿ ಮೇಲೆ ಹೇಳಿದ ಹವಳದ ಗುಂಪುಗಳಲ್ಲಿ ಕಡಲಹೂವುಗಳು ಸೇರಿಲ್ಲ. ಆದರೂ ಪ್ರಾರಂಭಕ್ಕೆ ಮುಂಚೆ ಅರಣ್ಯ ಇಲಾಖೆಯಿಂದ ಲಿಖಿತ ಸ್ಪಷ್ಟನೆಯನ್ನು ಪಡೆದಿರುವುದು ಒಳ್ಳೆಯದು.

ಕಡಲಹೂವು ಸುಣ್ಣವನ್ನು ಕಟ್ಟುವುದಿಲ್ಲವೆಂಬುದು ಒಂದು ಕೊರತೆ. ಸುಣ್ಣದ ಲೆಕ್ಕವನ್ನು ಕಲಿಯಲು ತೊಟ್ಟಿಯ ಗಾಜಿನ ಮೇಲೆ ಹರಡುವ ನಸುಗೆಂಪಿನ ಸುಣ್ಣಪಾಚಿಯು ಅಷ್ಟಿಷ್ಟು ನೆರವಾಗುತ್ತದೆ. ಅದು ಕ್ಯಾಲ್ಸಿಯಮ್ಮನ್ನೂ ಕ್ಷಾರೀಯತೆಯನ್ನೂ ನಿಧಾನವಾಗಿ ಬಳಸುತ್ತದೆ. ಅದರ ಬೆಳವಣಿಗೆಯನ್ನು ಸ್ಲೈಡುಗಳ ಮೇಲೆ ತೂಗಿ ನೋಡಬಹುದು.

ನಮ್ಮ ಸೂಚನೆಯನ್ನು ಮೂರು ಹಂತಗಳಲ್ಲಿ ಹೇಳಬಹುದು. ಮೊದಲ ವರ್ಷ ಪ್ರಾಣಿಗಳಿಲ್ಲದ ನೀರು: ಅದರ ಉಷ್ಣತೆ, ಲವಣಾಂಶ, ಕ್ಷಾರೀಯತೆಗಳನ್ನು ಬೇಸಗೆ, ಮಳೆ, ಚಳಿ ಮೂರು ಕಾಲಗಳಲ್ಲಿಯೂ ಸ್ಥಿರವಾಗಿರಿಸುವುದು. ಎರಡನೆಯ ವರ್ಷ ಕಡಲಹೂವು ಮತ್ತು ಸುಣ್ಣಪಾಚಿ. ಈ ಎರಡು ವರ್ಷಗಳ ದಾಖಲೆಯು ನಿರ್ದುಷ್ಟವಾಗಿದ್ದಲ್ಲಿ ಮಾತ್ರ, ಅನುಮತಿ ಪಡೆದ ಸಂಶೋಧನಾ ಸಂಸ್ಥೆಯೊಂದರ ಸಹಯೋಗದಲ್ಲಿ, ಸಾಕಣೆಯಲ್ಲಿಯೇ ಬೆಳೆದ ಹವಳದ ತುಂಡುಗಳಿಗಾಗಿ ಸರ್ಕಾರಕ್ಕೆ ಅರ್ಜಿ ಸಲ್ಲಿಸುವುದು. ಹವಳವು ತುಂಡಿನಿಂದ ಬೆಳೆಯುವ ಜೀವಿಯಾದುದರಿಂದ, ಒಮ್ಮೆ ಬಂದ ನಾಲ್ಕು ತುಂಡುಗಳು ಮುಂದಿನ ವಿದ್ಯಾರ್ಥಿಗಳಿಗೆಲ್ಲ ಸಾಲುತ್ತವೆ. ಕಡಲಿಗೆ ಮರಳಿ ಕೈ ಚಾಚಬೇಕಾಗಿಲ್ಲ.

ವಿದ್ಯುತ್ತು ನಿಂತಾಗ ಗಾಳಿಯನ್ನು ಊದುವ ಬ್ಯಾಟರಿಯ ಪಂಪು, ಎರಡನೆಯ ಉಷ್ಣತಾಮಾಪಕ, ತಯಾರಾಗಿಟ್ಟ 100 ಲೀಟರು ಉಪ್ಪುನೀರು ಇವು ಪ್ರತಿಯೊಂದು ಹಂತದಲ್ಲಿಯೂ ಇರಬೇಕು. ಇವೆಲ್ಲಕ್ಕಿಂತ ಕಷ್ಟವಾದದ್ದು ಜನರ ಏರ್ಪಾಡು. ಕಾಲೇಜಿಗೆ ಬೇಸಗೆಯ ರಜೆ ಬರುವುದು ತೊಟ್ಟಿಗೆ ಅತ್ಯಂತ ಅಪಾಯದ ತಿಂಗಳಿನಲ್ಲಿ. ವರ್ಷದ 365 ದಿನವೂ ಬೆಳಗ್ಗೆ ಮತ್ತು ಸಂಜೆ ಬಂದು, ಉಷ್ಣತೆಯನ್ನು ನೋಡಿ, ಹೊತ್ತಗೆಯಲ್ಲಿ ಬರೆದು ಸಹಿ ಮಾಡುವವರು ಯಾರೆಂಬುದನ್ನು ಗಾಜು ಕೊಳ್ಳುವುದಕ್ಕೆ ಮುಂಚೆಯೇ ನಿರ್ಣಯಿಸಬೇಕು. ಅದನ್ನು ನಿರ್ಣಯಿಸಲಾರದ ವಿಭಾಗವು ಈ ಕಾರ್ಯಕ್ಕೆ ಕೈಹಾಕದಿರುವುದೇ ಹವಳಕ್ಕೆ ಮಾಡುವ ಉಪಕಾರ. ನಿರ್ಣಯಿಸಬಲ್ಲ ವಿಭಾಗಕ್ಕೆ ಮಳಖೇಡದ ಬಿಸಿಲಾಗಲಿ, ಕಡಲಿನ ದೂರವಾಗಲಿ ಅಡ್ಡಿಯಾಗಬೇಕಾದುದಿಲ್ಲ.